ಆಳ ಬೇಕಾದವರಿಗೆ ದಾರಿ ಬಿಡಿ

ಇಂಗ್ಲೆಂಡಿನ ದಕ್ಷಿಣ ದಂಡೆಗೂ ಐಲ್ ಆಫ್ ವೈಟ್ ದ್ವೀಪಕ್ಕೂ ನಡುವೆ ಸೋಲೆಂಟ್ ಎಂಬ ಸಣ್ಣ ಜಲಸಂಧಿ ಇದೆ. ಸೌತಾಂಪ್ಟನ್ ಬಂದರಿಗೆ ಹೋಗುವ ಭಾರೀ ಹಡಗುಗಳು ಅದರ ಪೂರ್ವದ ಬಾಯಿಂದ ಒಳಗೆ ಬರುತ್ತವೆ. ಕೌಸ್ ಪಟ್ಟಣದ ಎದುರು ಪಶ್ಚಿಮಕ್ಕೆ ಮುಖ ಮಾಡಿ ಸಾಗುವ 400 ಮೀಟರ್ ಉದ್ದದ ಕಂಟೇನರ್ ಹಡಗನ್ನು ಮೊದಲ ಸಲ ನೋಡುವವರಿಗೆ ಅದು ಸೀದಾ ಅಟ್ಲಾಂಟಿಕ್ ಕಡೆಗೆ ಹೊರಟಂತೆ ಕಾಣುತ್ತದೆ. ಹೋಗಲಿ ಬಿಡು ಎಂದು ಹಾಯಿದೋಣಿಯವನು ಬಲಗಡೆಯ ಖಾಲಿ ನೀರಿಗೆ ದೋಣಿ ತಿರುಗಿಸಿದನೋ, ಕೆಟ್ಟ. ವೆಸ್ಟ್ ಬ್ರಾಂಬಲ್ ಎಂಬ ಬೋಯಾ, ಅಂದರೆ ಹಾದಿ ತೋರುವ ತೇಲುಗುರುತಿನ ಹತ್ತಿರ ಹಡಗು ಬಲಕ್ಕೆ ಹೊರಳಲು ಶುರುಮಾಡುತ್ತದೆ. ಅರ್ಧ ಹೊರಳಿ ನಿಲ್ಲುವುದಿಲ್ಲ. ಲಂಬಕೋನವನ್ನೂ ದಾಟಿ ಹೊರಳಿ ಈಶಾನ್ಯಕ್ಕೆ ಮೂತಿ ಮಾಡುತ್ತದೆ. ಅಲ್ಲಿಂದ ಥಾರ್ನ್ ಕಾಲುವೆ ಎನ್ನುವ ಹೂಳೆತ್ತಿದ ಹಾದಿಯಲ್ಲಿ ಸಾಗಿ, ಕ್ಯಾಲ್‌ಷಾಟ್ ಬಳಿ ಎಡಕ್ಕೆ ಇನ್ನೊಮ್ಮೆ ಹೊರಳಿ, ಸೌತಾಂಪ್ಟನ್ ಅಳಿವೆಯೊಳಗೆ ನುಗ್ಗುತ್ತದೆ.

ಇಷ್ಟೆಲ್ಲ ಸರ್ಕಸ್ ಯಾಕೆಂದರೆ ಜಲಸಂಧಿಯ ನಟ್ಟನಡುವೆ ಬ್ರಾಂಬಲ್ ಎಂಬ ಮರಳುದಿಬ್ಬವಿದೆ. ವರ್ಷದ ಅತಿ ದೊಡ್ಡ ಇಳಿತದ ದಿನಗಳಲ್ಲಿ ಅದು ಸ್ವಲ್ಪ ಹೊತ್ತು ನೀರಿನಿಂದ ಮೇಲೆದ್ದು ಬರುತ್ತದೆ. ಆಗ ಅಲ್ಲಿನ ಎರಡು ಯಾಟ್ ಕ್ಲಬ್ಬಿನವರು ದೋಣಿಯಲ್ಲಿ ಹೋಗಿ ಒದ್ದೆ ಮರಳಿನ ಮೇಲೆ ಸ್ಟಂಪ್ ನೆಟ್ಟು ಕ್ರಿಕೆಟ್ ಆಡುತ್ತಾರೆ. ಇಂಗ್ಲಿಷರ ಹುಚ್ಚಿಗೆ ಇದಕ್ಕಿಂತ ಸಾಕ್ಷಿ ಬೇಡ. ಉಳಿದ ದಿನ ದಿಬ್ಬ ನೀರಿನಡಿ ಅಡಗಿರುತ್ತದೆ. 2008ರ ನವೆಂಬರಿನಲ್ಲಿ ಸೌತಾಂಪ್ಟನ್ನಿಗೆ ತನ್ನ ಕೊನೆಯ ಭೇಟಿಗೆಂದು ಬಂದ ಕ್ವೀನ್ ಎಲಿಜಬೆತ್ 2 ಹಡಗು ಇದೇ ತಿರುವಿನ ಆಸುಪಾಸಿನಲ್ಲಿ ಮರಳಿಗೆ ಕೂತಿತು. ಟಗ್‌ಗಳು ಎಳೆದು ಬಿಡಿಸಬೇಕಾಯಿತು. 2015ರ ಜನವರಿ 3ರಂದು ಹ್ಯೋಗ್ ಒಸಾಕಾ ಎಂಬ ಕಾರು ಸಾಗಿಸುವ ಹಡಗು ಬಂದರಿನಿಂದ ಹೊರಡುತ್ತ ಇಲ್ಲಿ ಎಡಕ್ಕೆ ತಿರುಗಿದ್ದೇ ಬಲಕ್ಕೆ ವಾಲಿತು, ವಾಲಿದ್ದು ಮೇಲೇಳಲಿಲ್ಲ. ಹೊಟ್ಟೆಯಲ್ಲಿ ಸಾವಿರಕ್ಕೂ ಹೆಚ್ಚು ವಾಹನ ಇಟ್ಟುಕೊಂಡೇ ಬ್ರಾಂಬಲ್ ಮೇಲೆ ಮಲಗಿತು. ಭಾರ ಮೇಲಿನ ಅಂತಸ್ತುಗಳಲ್ಲಿ ಹೆಚ್ಚಿತ್ತು, ತಳದ ತೊಟ್ಟಿಗಳಲ್ಲಿ ಇರಬೇಕಾದಷ್ಟು ನೀರು ಇರಲಿಲ್ಲ. ಅಂಥ ಹಡಗು ನೇರ ಹೋಗುವಾಗ ಸಭ್ಯವಾಗಿಯೇ ಇರುತ್ತದೆ, ತಿರುಗುವಾಗ ಬಣ್ಣ ಬಯಲಾಗುತ್ತದೆ.

ಇಂಥ ಹಡಗುಹಾದಿಗೆ ಹತ್ತು ಮೀಟರ್ ಉದ್ದದ, ಐದು ಟನ್ ತೂಕದ ಹಾಯಿದೋಣಿ ಬರುವುದೆಂದರೆ ಏನು? ಯಾರಿಗೆ ಹಕ್ಕಿದೆ ಎಂಬ ಪ್ರಶ್ನೆಗಿಂತ ಯಾರಿಗೆ ಏನು ಸಾಧ್ಯ ಎಂಬ ಪ್ರಶ್ನೆ ಇಲ್ಲಿ ದೊಡ್ಡದು. ನಿಯಮಗಳೂ ಕೊನೆಗೆ ಭೌತವಿಜ್ಞಾನದ ಮಾತನ್ನೇ ಕೇಳಿವೆ.

ತೆರೆದ ಕಡಲಿನಲ್ಲಿ ಹಾಯಿಗೆ ಗೌರವ ಹೆಚ್ಚು. 1972ರ ಅಂತರರಾಷ್ಟ್ರೀಯ ಡಿಕ್ಕಿತಡೆ ನಿಯಮಗಳಲ್ಲಿ 18ನೆಯದು ಎಂಜಿನ್ ಹಡಗು ಹಾಯಿಹಡಗಿಗೆ ದಾರಿ ಬಿಡಬೇಕು ಎನ್ನುತ್ತದೆ. ಕಾರಣ ಸರಳ. ಹಾಯಿದೋಣಿ ಗಾಳಿಯ ಎದುರಿಗೆ ಹೋಗಲಾರದು. ಗಾಳಿ ಬರುವ ದಿಕ್ಕಿನ ಎರಡೂ ಪಕ್ಕಕ್ಕೆ ಸುಮಾರು 45 ಡಿಗ್ರಿಯಷ್ಟು ಕಡಲು ಅದಕ್ಕೆ ಮುಚ್ಚಿದ ಬಾಗಿಲು. ಅತ್ತ ಹೋಗಬೇಕಾದರೆ ಅಂಕುಡೊಂಕಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಹಾಯಿ ಹೊರಳಿಸುತ್ತ ಸಾಗಬೇಕು. ಎಂಜಿನ್ ಇದ್ದವನಿಗೆ ಈ ಕಷ್ಟವಿಲ್ಲ, ಆದ್ದರಿಂದ ಅವನು ಜರುಗಲಿ ಎಂಬುದು ನ್ಯಾಯ. ಆದರೆ ಅದೇ ಪುಸ್ತಕದ 9ನೆಯ ನಿಯಮ ಇಕ್ಕಟ್ಟಾದ ಕಾಲುವೆಗೆ ಬಂದಾಗ ಮಾತು ತಿರುಗಿಸುತ್ತದೆ: ಕಾಲುವೆಯೊಳಗೆ ಮಾತ್ರ ಸುರಕ್ಷಿತವಾಗಿ ಸಾಗಬಲ್ಲ ಹಡಗಿಗೆ ಹಾಯಿದೋಣಿಯಾಗಲಿ, 20 ಮೀಟರಿಗಿಂತ ಚಿಕ್ಕ ದೋಣಿಯಾಗಲಿ ಅಡ್ಡಿ ಮಾಡಕೂಡದು. ತೆರೆದ ಕಡಲಿನಲ್ಲಿ ಹಾಯಿಯವನು ಅಸಹಾಯಕ. ಕಾಲುವೆಯಲ್ಲಿ ದೈತ್ಯನೇ ಅಸಹಾಯಕ. ನಿಯಮ ಎರಡೂ ಕಡೆ ಅಸಹಾಯಕನ ಪಕ್ಷ ಹಿಡಿದಿದೆ, ಅಷ್ಟೆ.

ದೈತ್ಯ ಎಷ್ಟು ಅಸಹಾಯಕ ಎಂದು ಲೆಕ್ಕ ಹಾಕಿ ನೋಡೋಣ. ಎರಡು ಲಕ್ಷ ಟನ್ ತೂಕದ ಹಡಗು ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಸಾಗುತ್ತಿದ್ದರೆ ಅದರ ಚಲನಶಕ್ತಿ 360 ಕೋಟಿ ಜೂಲ್. ಐದು ಟನ್ನಿನ ದೋಣಿ ಸೆಕೆಂಡಿಗೆ ಎರಡೂವರೆ ಮೀಟರ್ ವೇಗದಲ್ಲಿದ್ದರೆ ಹದಿನೈದು ಸಾವಿರದ ಚಿಲ್ಲರೆ. ಎರಡು ಲಕ್ಷ ಪಟ್ಟಿಗೂ ಹೆಚ್ಚಿನ ವ್ಯತ್ಯಾಸ. ಈ ಶಕ್ತಿಯನ್ನು ತಡೆಯಲು ನೀರಿನಲ್ಲಿ ಬ್ರೇಕ್ ಹಿಡಿಯುವ ರಸ್ತೆಯಿಲ್ಲ, ಪ್ರೊಪೆಲರ್ ಹಿಮ್ಮುಖ ತಿರುಗಿಸುವುದೊಂದೇ ದಾರಿ. ಪೂರ್ತಿ ವೇಗದಿಂದ ಹಾಗೆ ನಿಲ್ಲಿಸುವಾಗ ಹಡಗು ಸಾಗುವ ದೂರ ಅದರ ಉದ್ದದ 15 ಪಟ್ಟು ಮೀರಬಾರದು ಎಂಬುದು ಅಂತರರಾಷ್ಟ್ರೀಯ ಮಾನದಂಡ. 400 ಮೀಟರ್ ಹಡಗಿಗೆ ಅದು ಆರು ಕಿಲೋಮೀಟರ್! ಬಂದರಿನೊಳಗೆ ವೇಗ ಕಡಿಮೆ, ದೂರವೂ ಕಡಿಮೆ, ನಿಜ. ಆದರೆ ಅಲ್ಲಿ ಇನ್ನೊಂದು ಪೇಚಿದೆ. ಚುಕ್ಕಾಣಿ ಕೆಲಸ ಮಾಡುವುದು ತನ್ನ ಮೇಲೆ ಹರಿದು ಹೋಗುವ ನೀರಿನಿಂದ. ಪ್ರೊಪೆಲರ್ ಹಿಮ್ಮುಖವಾದೊಡನೆ ಆ ಹರಿವು ಕೆಡುತ್ತದೆ, ಹಡಗು ಹೇಳಿದ ಮಾತು ಕೇಳುವುದನ್ನು ಬಿಡುತ್ತದೆ. ಹೂಳೆತ್ತಿದ ಕಿರಿದಾದ ಕಾಲುವೆಯಲ್ಲಿ ಕಪ್ತಾನನಿಗೆ ಇದಕ್ಕಿಂತ ದೊಡ್ಡ ದುಃಸ್ವಪ್ನವಿಲ್ಲ. ಎದುರಿಗೆ ಅಡ್ಡ ಬಂದ ಹಾಯಿದೋಣಿಯನ್ನು ಕಂಡೂ ಹಡಗು ಸುಮ್ಮನೆ ಬರುತ್ತಿದ್ದರೆ ಅದು ಸೊಕ್ಕಲ್ಲ.

ಕಂಡರೆ ತಾನೆ ಎಂಬ ಮಾತೂ ಇದೆ. ಕಂಟೇನರುಗಳ ಗೋಡೆಯ ಹಿಂದೆ ನಿಂತ ಚಾಲಕನಿಗೆ ಹಡಗಿನ ಮೂತಿಯ ಮುಂದಿನ ನೀರು ಕಾಣುವುದಿಲ್ಲ. ಎರಡು ಹಡಗುದ್ದ ಅಥವಾ 500 ಮೀಟರ್, ಯಾವುದು ಕಡಿಮೆಯೋ ಅಷ್ಟರವರೆಗೆ ಕುರುಡು ಜಾಗ ಇದ್ದರೂ ನಿಯಮದ ಪ್ರಕಾರ ಅದು ಸರಿಯೇ. ಅರ್ಧ ಕಿಲೋಮೀಟರ್ ಉದ್ದದ ಆ ನೀರಿನಲ್ಲಿ ಒಂದು ಹಾಯಿದೋಣಿ ಆರಾಮಾಗಿ ಮಾಯವಾಗಬಹುದು. ರೇಡಾರ್ ಇದೆಯಲ್ಲ ಎಂದರೆ, ಫೈಬರ್ ಗಾಜಿನ ದೋಣಿ ರೇಡಾರ್ ಕಿರಣವನ್ನು ಸರಿಯಾಗಿ ಮರಳಿಸುವುದಿಲ್ಲ. ಅದಕ್ಕಾಗಿಯೇ ಕೂವೆಮರದ ಮೇಲೆ ಲೋಹದ ಮೂರು ತಗಡುಗಳನ್ನು ಒಂದಕ್ಕೊಂದು ಲಂಬವಾಗಿ ಜೋಡಿಸಿದ ಪ್ರತಿಫಲಕ ತೂಗುಹಾಕುವುದು. ಇಂಥ ಮೂಲೆಗೆ ಯಾವ ದಿಕ್ಕಿನಿಂದ ಕಿರಣ ಬಂದರೂ ಮೂರು ಸಲ ಪುಟಿದು ಬಂದ ದಾರಿಯಲ್ಲೇ ಹಿಂದಿರುಗುತ್ತದೆ.

ಸೌತಾಂಪ್ಟನ್ ಬಂದರಿನವರು ಇದನ್ನೆಲ್ಲ ಒಂದೇ ನಿಯಮಕ್ಕೆ ಇಳಿಸಿದ್ದಾರೆ. 150 ಮೀಟರಿಗಿಂತ ಉದ್ದದ ಹಡಗು ಈ ತಿರುವಿನ ಪ್ರದೇಶಕ್ಕೆ ಬಂದಾಗ ಅದರ ಮುಂದೆ 1000 ಮೀಟರ್, ಎರಡೂ ಪಕ್ಕಕ್ಕೆ 100 ಮೀಟರ್ ನೀರು ಹಡಗಿನ ಜೊತೆಗೇ ಚಲಿಸುವ ನಿಷೇಧಿತ ವಲಯ. ಸಣ್ಣ ದೋಣಿಗಳು ಅದರೊಳಗೆ ಕಾಲಿಡುವಂತಿಲ್ಲ. ಮುಂದೆ ಒಂದು ಗಸ್ತು ದೋಣಿ ನೀಲಿ ದೀಪ ಮಿನುಗಿಸುತ್ತ ದಾರಿ ತೆರವು ಮಾಡಿಸುತ್ತದೆ. ಸಾವಿರ ಮೀಟರ್ ದೊಡ್ಡದೆನಿಸುತ್ತದೆ, ಅಲ್ಲವೇ? ಹಡಗು 12 ನಾಟ್ ವೇಗದಲ್ಲಿದೆ ಎನ್ನಿ. ಒಂದು ನಾಟ್ ಅಂದರೆ ಗಂಟೆಗೆ 1.852 ಕಿಲೋಮೀಟರ್. ಆ ಲೆಕ್ಕದಲ್ಲಿ ಸಾವಿರ ಮೀಟರ್ ಮುಗಿಯಲು 2 ನಿಮಿಷ 42 ಸೆಕೆಂಡ್ ಸಾಕು. 61 ಮೀಟರ್ ಅಗಲದ ಹಡಗಿನ ವಲಯವನ್ನು, ಅಂದರೆ 261 ಮೀಟರನ್ನು, 5 ನಾಟ್ ವೇಗದ ಹಾಯಿದೋಣಿ ಅಡ್ಡ ದಾಟಲು 1 ನಿಮಿಷ 41 ಸೆಕೆಂಡ್ ಬೇಕು. ಎಲ್ಲ ನೆಟ್ಟಗಿದ್ದರೆ ಕೈಯಲ್ಲಿ ಉಳಿಯುವುದು ಒಂದು ನಿಮಿಷ. ಆದರೆ ಐವತ್ತು ಅರವತ್ತು ಮೀಟರ್ ಎತ್ತರದ ಹಡಗು ಗಾಳಿ ಬರುವ ಕಡೆಯಲ್ಲಿದ್ದರೆ ಅದರ ಮರೆ ಎತ್ತರದ ಹಲವು ಪಟ್ಟು ದೂರದವರೆಗೆ ಚಾಚುತ್ತದೆ. ಹಾಯಿ ಪಟಪಟನೆ ಬಡಿದು ಜೋತುಬೀಳುತ್ತದೆ. ಆ ಒಂದು ನಿಮಿಷ ಹೋಯಿತು.

ಇಷ್ಟು ವೇಗದ ವಸ್ತು ನಿಧಾನವಾಗಿ ಕಾಣುವುದೇಕೆ? ದೊಡ್ಡ ವಸ್ತು ತನ್ನ ಉದ್ದವನ್ನು ತಾನು ದಾಟಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ, ಕಣ್ಣು ಅದನ್ನು ನಿಧಾನವೆಂದು ಓದುತ್ತದೆ. ಇನ್ನೊಂದು ಕಾರಣ ನೀರಿನಲ್ಲೇ ಇದೆ. ಆಳದ ನೀರಿನಲ್ಲಿ ಅಲೆಯ ವೇಗ ಅದರ ಉದ್ದದ ವರ್ಗಮೂಲಕ್ಕೆ ಅನುಗುಣ. ದೋಣಿ ಓಡುತ್ತ ಎಬ್ಬಿಸುವ ಅಲೆಯ ಉದ್ದ ದೋಣಿಯ ಉದ್ದಕ್ಕೆ ಸಮವಾದಾಗ ದೋಣಿ ತನ್ನದೇ ಅಲೆಯ ಹಳ್ಳದಲ್ಲಿ ಸಿಕ್ಕಿಕೊಳ್ಳುತ್ತದೆ. ಮುಂದಿನ ಏರು ಹತ್ತಲು ಹಾಯಿಯ ಶಕ್ತಿ ಸಾಲದು. ನೀರಿನ ಮಟ್ಟದಲ್ಲಿ 9 ಮೀಟರ್ ಉದ್ದದ ದೋಣಿಗೆ ಈ ಮಿತಿ 7.3 ನಾಟ್. ಹಾಗಾಗಿ 6 ನಾಟ್‌ನಲ್ಲಿ ಹಾಯಿದೋಣಿ ಬುರುಬುರು ನೊರೆಯೆಬ್ಬಿಸಿ ಭಾರೀ ಓಡಿದಂತೆ ಕಾಣುತ್ತದೆ. 400 ಮೀಟರ್ ಹಡಗಿಗೆ ಅದೇ ಸೂತ್ರ ಕೊಡುವ ಮಿತಿ 48 ನಾಟ್‌ಗೂ ಮೇಲೆ. 12 ನಾಟ್ ಅದರ ಪಾಲಿಗೆ ಸುತ್ತಾಟ. ಮೂತಿಯಲ್ಲಿ ಹೇಳಿಕೊಳ್ಳುವಂಥ ನೊರೆಯಿಲ್ಲ, ಎಂಜಿನ್ ಸದ್ದು ಎಲ್ಲೋ ಹಿಂದೆ. ಮೌನವಾಗಿ, ನಿಧಾನವೆಂಬ ಭ್ರಮೆ ಹುಟ್ಟಿಸುತ್ತ ಅದು ನಿಮಗಿಂತ ಎರಡು ಪಟ್ಟು ವೇಗದಲ್ಲಿ ಬರುತ್ತಿರುತ್ತದೆ.

ಡಿಕ್ಕಿಯಾಗುತ್ತದೋ ಇಲ್ಲವೋ ಎಂದು ತಿಳಿಯಲು ನಾವಿಕರಲ್ಲಿ ಹಳೆಯ ಉಪಾಯವೊಂದಿದೆ. ಕೈದಿಕ್ಸೂಚಿಯಲ್ಲಿ ಹಡಗಿನ ದಿಕ್ಕು ನೋಡಿ. ಒಂದು ನಿಮಿಷ ಬಿಟ್ಟು ಮತ್ತೆ ನೋಡಿ. ದಿಕ್ಕು ಬದಲಾಗದೆ ದೂರ ಮಾತ್ರ ಕಡಿಮೆಯಾಗುತ್ತಿದ್ದರೆ ಇಬ್ಬರೂ ಒಂದೇ ಬಿಂದುವಿಗೆ ಹೊರಟಿದ್ದೀರಿ. ಜ್ಯಾಮಿತಿ ಅಚ್ಚುಕಟ್ಟಾಗಿದೆ, ಇಬ್ಬರೂ ನೇರ ಸಾಗುತ್ತಿದ್ದರೆ ಮಾತ್ರ. ವೆಸ್ಟ್ ಬ್ರಾಂಬಲ್‌ನಲ್ಲಿ ಹೊರಳಲಿರುವ ಹಡಗಿನ ಮೇಲೆ ಈ ಉಪಾಯ ಹೂಡಿದರೆ ದಿಕ್ಸೂಚಿ ಪ್ರಾಮಾಣಿಕವಾಗಿಯೇ ಸುಳ್ಳು ಹೇಳುತ್ತದೆ. ಇನ್ನೊಂದು ಮೋಸವೂ ಇದೆ. ಹಡಗು ಬಹಳ ಉದ್ದವಾಗಿದ್ದರೆ ಹಿಂಬದಿಯ ದಿಕ್ಕು ಬದಲಾಗುತ್ತಿರಬಹುದು, ಮೂತಿಯದು ಬದಲಾಗದೇ ಇರಬಹುದು. ಹಡಗಿನ ಯಾವ ತುದಿಯನ್ನು ಅಳೆದಿರಿ ಎಂಬುದರ ಮೇಲೆ ಜೀವ ನಿಂತಿರುತ್ತದೆ. ಆದ್ದರಿಂದಲೇ ಸ್ಥಳೀಯರು ದಿಕ್ಸೂಚಿಗಿಂತ ಮೊದಲು ರೇಡಿಯೋಗೆ ಕಿವಿಗೊಡುತ್ತಾರೆ. 12ನೆಯ ಚಾನೆಲ್‌ನಲ್ಲಿ ಬಂದರಿನ ಸಂಚಾರ ನಿಯಂತ್ರಣದವರು ಯಾವ ಹಡಗು ಎಲ್ಲಿ ತಿರುಗಲಿದೆ ಎಂದು ಹೇಳುತ್ತಿರುತ್ತಾರೆ. ನೀವು ಬಾಯಿ ತೆರೆಯಬೇಕಿಲ್ಲ, ಕೇಳಿದರೆ ಸಾಕು.

2011ರ ಆಗಸ್ಟ್ 6ರಂದು ಕೌಸ್‌ನ ಹಾಯಿದೋಣಿ ಸ್ಪರ್ಧೆ ನಡೆಯುತ್ತಿದ್ದಾಗ ಹಾನೆ ಕ್ನುಟ್ಸೆನ್ ಎಂಬ ಭಾರೀ ತೈಲಹಡಗಿನ ಮೂತಿಯ ಮುಂದೆ ಅಟಲಾಂಟಾ ಆಫ್ ಚೆಸ್ಟರ್ ಎಂಬ ಹಾಯಿದೋಣಿ ಬಂತು. ಅದರ ದೊಡ್ಡ ಬಲೂನು ಹಾಯಿ ಹಡಗಿನ ಲಂಗರಿಗೆ ಸಿಕ್ಕಿಕೊಂಡು ಕೂವೆಮರ ಮುರಿಯಿತು. ಜೀವ ಉಳಿದದ್ದು ಪುಣ್ಯ. ಹಡಗು ಎಚ್ಚರಿಕೆಯ ಐದು ಗಿಡ್ಡ ಸೀಟಿ ಊದಿತ್ತು. ‘ನೀವೇನು ಮಾಡುತ್ತಿದ್ದೀರೋ ನನಗೆ ತಿಳಿಯುತ್ತಿಲ್ಲ’ ಎಂಬುದು ಕಡಲಿನ ಭಾಷೆಯಲ್ಲಿ ಅದರ ಅರ್ಥ. ಒಂದು ಸೀಟಿ ಬಲಕ್ಕೆ ತಿರುಗುತ್ತಿದ್ದೇನೆ, ಎರಡು ಎಡಕ್ಕೆ, ಮೂರು ಎಂಜಿನ್ ಹಿಮ್ಮುಖ. ಪ್ರಕರಣ ನ್ಯಾಯಾಲಯಕ್ಕೆ ಹೋಗಿ ತಪ್ಪು ಹಾಯಿದೋಣಿಯದೇ ಎಂದಾಯಿತು.

ಆದರೆ ಅದಕ್ಕೂ ನೂರು ವರ್ಷ ಹಿಂದೆ ಇದೇ ತಿರುವಿನಲ್ಲಿ ನಡೆದ ಡಿಕ್ಕಿ ವಿಜ್ಞಾನದ ದೃಷ್ಟಿಯಿಂದ ಇನ್ನೂ ಸ್ವಾರಸ್ಯದ್ದು. 1911ರ ಸೆಪ್ಟೆಂಬರ್ 20. ಟೈಟಾನಿಕ್‌ನ ಅಕ್ಕ ಒಲಿಂಪಿಕ್, 269 ಮೀಟರ್ ಉದ್ದದ್ದು, ಸೌತಾಂಪ್ಟನ್ನಿನಿಂದ ಹೊರಟು ವೆಸ್ಟ್ ಬ್ರಾಂಬಲ್ ಸುತ್ತಿ ಪೂರ್ವಕ್ಕೆ ತಿರುಗಿತ್ತು. ಪಶ್ಚಿಮದಿಂದ ಬ್ರಿಟಿಷ್ ನೌಕಾಪಡೆಯ ಹಾಕ್ ಎಂಬ ಯುದ್ಧನೌಕೆ ಬಂತು. ಎರಡೂ ಸ್ವಲ್ಪ ಹೊತ್ತು ಪಕ್ಕಪಕ್ಕದಲ್ಲಿ ಸಾಗಿದವು. ಇದ್ದಕ್ಕಿದ್ದಂತೆ ಹಾಕ್ ಎಡಕ್ಕೆ ಹೊರಳಿ ಒಲಿಂಪಿಕ್‌ನ ಬಲಪಕ್ಕಕ್ಕೆ, ಹಿಂಬದಿಯ ಹತ್ತಿರ, ಮೂತಿ ತೂರಿಸಿತು. ಹಾಕ್‌ನ ಮೂತಿಯೋ ಶತ್ರು ಹಡಗುಗಳನ್ನು ತಿವಿಯಲೆಂದೇ ಕಟ್ಟಿದ್ದು.

ಚುಕ್ಕಾಣಿ ಹಿಡಿದವನು ಕುಡಿದಿರಲಿಲ್ಲ. ಒಲಿಂಪಿಕ್ ತಳ್ಳಿದ ಅಪಾರ ನೀರು ಎರಡು ಹಡಗುಗಳ ನಡುವಿನ ಇಕ್ಕಟ್ಟಿನಲ್ಲಿ ನುಸುಳಬೇಕು. ಇಕ್ಕಟ್ಟಿನಲ್ಲಿ ನೀರಿನ ವೇಗ ಏರುತ್ತದೆ, ವೇಗ ಏರಿದಲ್ಲಿ ಒತ್ತಡ ಇಳಿಯುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಬರ್ನೂಲಿ ಕಂಡುಕೊಂಡದ್ದು ಇದನ್ನೇ. ಹೊರಪಕ್ಕದ ಒತ್ತಡ ಮೊದಲಿನಷ್ಟೇ ಇದ್ದುದರಿಂದ ಹಡಗುಗಳು ಒಂದರ ಕಡೆಗೊಂದು ಜರುಗುತ್ತವೆ, ಹಗುರವಾದದ್ದು ಹೆಚ್ಚು ಜರುಗುತ್ತದೆ. ತಳದಲ್ಲಿ ಆಳ ಕಡಿಮೆಯಿದ್ದರೆ ನೀರಿಗೆ ಕೆಳಗಿನಿಂದ ತಪ್ಪಿಸಿಕೊಳ್ಳಲೂ ದಾರಿಯಿಲ್ಲ, ಸೆಳೆತ ಇನ್ನೂ ಬಲವಾಗುತ್ತದೆ. ಹಾಕ್ ಈ ಸೆಳೆತಕ್ಕೆ ಸಿಕ್ಕಿತೆಂಬ ನೌಕಾಪಡೆಯ ವಾದವನ್ನು ನ್ಯಾಯಾಲಯ ಒಪ್ಪಿತು, ತೀರ್ಪು ಒಲಿಂಪಿಕ್‌ಗೆ ವಿರುದ್ಧವಾಯಿತು. ಆ ದಿನ ಒಲಿಂಪಿಕ್‌ನ ದಾರಿ ತೋರುತ್ತಿದ್ದ ಪೈಲಟ್ ಜಾರ್ಜ್ ಬೌಯರ್. ಏಳು ತಿಂಗಳೂ ತುಂಬಿರಲಿಲ್ಲ, 1912ರ ಏಪ್ರಿಲ್ 10ರಂದು ಅದೇ ಬೌಯರ್ ಟೈಟಾನಿಕ್ಕನ್ನು ಸೌತಾಂಪ್ಟನ್ನಿನಿಂದ ಹೊರಡಿಸುತ್ತಿದ್ದಾಗ ಧಕ್ಕೆಗೆ ಕಟ್ಟಿದ್ದ ನ್ಯೂಯಾರ್ಕ್ ಎಂಬ ಹಡಗಿನ ಹಗ್ಗಗಳು ಫಟಫಟನೆ ಕಿತ್ತವು. ಅದರ ಹಿಂಬದಿ ತೇಲುತ್ತ ಟೈಟಾನಿಕ್ ಕಡೆಗೆ ಬಂತು. ವಲ್ಕನ್ ಎಂಬ ಟಗ್ ಹಗ್ಗ ಹಾಕಿ ಎಳೆಯಿತು, ಟೈಟಾನಿಕ್ ಎಂಜಿನ್ ಹಿಮ್ಮುಖ ಮಾಡಿತು, ಕೆಲವೇ ಅಡಿಗಳಲ್ಲಿ ಡಿಕ್ಕಿ ತಪ್ಪಿತು. ಸಾವಿರಾರು ಟನ್ನಿನ, ಹಗ್ಗ ಬಿಗಿದ ಹಡಗನ್ನೇ ಕಿತ್ತು ತರುವ ಸೆಳೆತಕ್ಕೆ ಐದು ಟನ್ನಿನ ಹಾಯಿದೋಣಿ ಯಾವ ಲೆಕ್ಕ? ಪಕ್ಕಕ್ಕೆ 100 ಮೀಟರ್ ಎಂಬ ನಿಯಮ ಸುಮ್ಮನೆ ಹುಟ್ಟಿದ್ದಲ್ಲ.

ಇಷ್ಟೊಂದು ಇಕ್ಕಟ್ಟಿದ್ದರೂ ದೈತ್ಯ ಹಡಗುಗಳು ಇಲ್ಲಿಗೇ ಯಾಕೆ ಬರುತ್ತವೆ? ಉತ್ತರ ಉಬ್ಬರದಲ್ಲಿದೆ. ನಮ್ಮ ಮಂಗಳೂರಿನಲ್ಲಿ ಹುಣ್ಣಿಮೆ ಅಮಾವಾಸ್ಯೆಗೂ ನೀರು ಏರಿಳಿಯುವುದು ಒಂದೂವರೆ ಮೀಟರ್ ಆಸುಪಾಸು. ಸೌತಾಂಪ್ಟನ್ನಿನಲ್ಲಿ ನಾಲ್ಕು ಮೀಟರ್. ಅದಕ್ಕಿಂತ ವಿಶೇಷವೆಂದರೆ ಅಲ್ಲಿ ಉಬ್ಬರ ಒಂದಲ್ಲ, ಎರಡು. ನೀರು ತುದಿಗೆ ಏರಿ, ಕೊಂಚ ಇಳಿದಂತೆ ಮಾಡಿ, ಸುಮಾರು ಎರಡು ಗಂಟೆಯಲ್ಲಿ ಮತ್ತೆ ತುದಿ ಮುಟ್ಟುತ್ತದೆ. ಆಳ ಬೇಕಾದ ಹಡಗಿಗೆ ಇದು ದೇವರು ಕೊಟ್ಟ ವರ.

ಐಲ್ ಆಫ್ ವೈಟ್‌ನ ಎರಡೂ ಬದಿಯಿಂದ ನೀರು ಸುತ್ತಿ ಬರುತ್ತದೆ, ಒಂದು ಮೊದಲು, ಇನ್ನೊಂದು ಎರಡು ಗಂಟೆ ತಡ, ಅದಕ್ಕೇ ಎರಡು ಉಬ್ಬರ ಎಂದು ಅಲ್ಲಿನ ಬಹಳ ಮಂದಿ ಇಂದಿಗೂ ಹೇಳುತ್ತಾರೆ. ಕೇಳಲು ಚೆನ್ನಾಗಿದೆ, ನಿಜವಲ್ಲ. ಕಡಲಿನಾಚೆ ಫ್ರಾನ್ಸಿನ ಲೆ ಹಾವ್ರ್‌ನಲ್ಲಿ ಎದುರಿಗೆ ಯಾವ ದ್ವೀಪವೂ ಇಲ್ಲ, ಆದರೂ ಉಬ್ಬರ ತುದಿಯಲ್ಲಿ ಗಂಟೆಗಟ್ಟಲೆ ನಿಲ್ಲುತ್ತದೆ. ಇಂಗ್ಲೆಂಡಿನದೇ ಪೋರ್ಟ್‌ಲ್ಯಾಂಡಿನಲ್ಲಿ ಎಲ್ಲ ತಲೆಕೆಳಗು: ಉಬ್ಬರ ಒಂದು, ಇಳಿತ ಎರಡು.

ನಿಜವಾದ ಕಾರಣ ಬೇರೆ. ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವಿನ ಇಂಗ್ಲಿಷ್ ಕಾಲುವೆಯ ನೀರು ಏತದ ಮರದ ಹಾಗೆ ತೂಗುತ್ತದೆ. ಪೂರ್ವದ ಡೋವರಿನಲ್ಲಿ ಉಬ್ಬರವಿದ್ದಾಗ ಪಶ್ಚಿಮದ ತುದಿಯಲ್ಲಿ ಇಳಿತ, ಅಲ್ಲಿ ಏರಿದಾಗ ಇಲ್ಲಿ ಇಳಿತ. ನಡುವೆ ಆನಿಕೆ ಇರುವ ಜಾಗದಲ್ಲಿ ಏರಿಳಿತ ತೀರಾ ಕಡಿಮೆ. ಭೂಮಿ ತಿರುಗುವುದರಿಂದ ಈ ನಡುಬಿಂದು ಕಾಲುವೆಯ ಮಧ್ಯದಿಂದ ಇಂಗ್ಲೆಂಡಿನ ದಂಡೆಯ ಕಡೆಗೆ ಸರಿದಿದೆ. ಹಾಗಾಗಿ ಎದುರು ದಂಡೆಯ ಸೇಂಟ್ ಮಾಲೋದಲ್ಲಿ ನೀರು 12 ಮೀಟರ್ ಏರಿದರೆ, ಸೌತಾಂಪ್ಟನ್ನಿಗೆ ಪಶ್ಚಿಮದ ಪೂಲ್ ಬಂದರಿನಲ್ಲಿ ಎರಡು ಮೀಟರಿನ ಒಳಗೆ ಮುಗಿಯುತ್ತದೆ. ಇದು ಚಂದ್ರ ಎಬ್ಬಿಸುವ ಮುಖ್ಯ ಅಲೆಯ ಮಾತು, 12 ಗಂಟೆ 25 ನಿಮಿಷಕ್ಕೊಮ್ಮೆ ಬರುವಂಥದ್ದು. ಆಳವಿಲ್ಲದ ನೀರಿನಲ್ಲಿ ಈ ಅಲೆ ತನ್ನ ಆಕಾರ ಕಳೆದುಕೊಳ್ಳುತ್ತದೆ. ಶಿಖರದ ಕೆಳಗೆ ನೀರು ಹೆಚ್ಚು, ಅದು ಬೇಗ ಓಡುತ್ತದೆ; ಹಳ್ಳದ ಕೆಳಗೆ ನೀರು ಕಡಿಮೆ, ಅದು ಹಿಂದುಳಿಯುತ್ತದೆ. ಹೀಗೆ ಸೊಟ್ಟಗಾದ ಅಲೆಯನ್ನು ಗಣಿತದಲ್ಲಿ ಬಿಡಿಸಿದರೆ ಮೂಲ ಅಲೆಯ ಜೊತೆ ಅದರ ಅರ್ಧ ಅವಧಿಯದೊಂದು, ಮೂರನೇ ಒಂದು ಅವಧಿಯದೊಂದು ಮರಿ ಅಲೆ ಸಿಗುತ್ತವೆ. ಎಲ್ಲ ಕರಾವಳಿಯಲ್ಲೂ ಇವು ಅಷ್ಟಿಷ್ಟು ಇರುತ್ತವೆ, ದೊಡ್ಡ ಅಲೆಯ ಅಬ್ಬರದಲ್ಲಿ ಕಾಣುವುದಿಲ್ಲ. ಸೌತಾಂಪ್ಟನ್ ಸುತ್ತ ದೊಡ್ಡ ಅಲೆಯೇ ಬಡವಾಗಿದೆ, ಮರಿಗಳಿಗೆ ಕುಣಿಯಲು ಜಾಗ ಸಿಕ್ಕಿದೆ. ಶಿಖರವನ್ನು ಎರಡಾಗಿ ಸೀಳಲು ಅರ್ಧ ಅವಧಿಯ ಅಲೆಯೊಂದೇ ಆದರೆ ಅದು ಮುಖ್ಯ ಅಲೆಯ ಕಾಲು ಭಾಗವನ್ನು ಮೀರಬೇಕು. ಮೂರನೇ ಒಂದರ ಅವಧಿಯದಕ್ಕೆ ಒಂಬತ್ತನೇ ಒಂದು ಭಾಗ ದಾಟಿದರೆ ಸಾಕು. ಇಲ್ಲಿ ಎರಡೂ ಕೈಜೋಡಿಸಿ ಆ ಕೆಲಸ ಮಾಡುತ್ತವೆ. ರಾಜಖಗೋಳಜ್ಞನಾಗಿದ್ದ ಜಾರ್ಜ್ ಏರಿ 1843ರಷ್ಟು ಹಿಂದೆಯೇ ಸೌತಾಂಪ್ಟನ್ ಮತ್ತು ಇಪ್ಸ್‌ವಿಚ್‌ಗಳ ಉಬ್ಬರವನ್ನು ಅಳೆದು ಪ್ರಬಂಧ ಬರೆದಿದ್ದ. ದ್ವೀಪ ಸುತ್ತುವ ಕಥೆ ಮಾತ್ರ ಸತ್ತಿಲ್ಲ.

ತುದಿಯಲ್ಲಿ ಇಷ್ಟು ಹೊತ್ತು ನಿಂತ ನೀರು ಉಳಿದ ಸಮಯದಲ್ಲಿ ಲೆಕ್ಕ ಸರಿದೂಗಿಸಬೇಕಲ್ಲ. ಏರುವಾಗ ತಿಂಡಿ ತಿಂದು ನೀರು ಕುಡಿದು ಏರುವ ಸಮುದ್ರ ಇಳಿಯುವಾಗ ನಾಲ್ಕು ಗಂಟೆಯೊಳಗೆ ಇಳಿದುಬಿಡುತ್ತದೆ. ಅಷ್ಟೇ ನೀರು ಕಡಿಮೆ ಹೊತ್ತಿನಲ್ಲಿ ಹೊರಗೆ ಹೋಗಬೇಕಾದ್ದರಿಂದ ಇಳಿತದ ಸೆಳವು ಜೋರು. ಹೊಸಬರು ಎಡವುವುದು ಇದಕ್ಕೇ.

ಹಾಯಿದೋಣಿಯವನು ಇಷ್ಟೆಲ್ಲ ಅರಿತ ಮೇಲೆ ಮಾಡಬೇಕಾದ ಕೆಲಸ ಸಣ್ಣದು. ಒಳಗೆ ಬರುವಾಗ ಕೆಂಪು ಬೋಯಾ ಎಡಕ್ಕೆ, ಹಸಿರು ಬಲಕ್ಕೆ. ಭಾರತದ ಬಂದರುಗಳಲ್ಲೂ ಹೀಗೆಯೇ. ಅಮೆರಿಕ, ಜಪಾನಿನಲ್ಲಿ ತಿರುಗುಮುರುಗು. ಹಡಗಿಗೆ ಈ ಎರಡು ಸಾಲಿನ ಒಳಗೆ ಪ್ರಾಣ. ಎರಡು ಮೀಟರ್ ನೀರು ಸಾಕಾಗುವ ಹಾಯಿದೋಣಿಗೆ ಸಾಲಿನ ಹೊರಗೇ ಕ್ಷೇಮ. ನಕ್ಷೆಯಲ್ಲಿ ಆಳ ನೋಡಿಕೊಂಡು ಬೋಯಾಗಳ ಆಚೆ ಬದಿಯಿಂದ ಹೋದರೆ ಯಾವ ಹಡಗೂ ನಿಮ್ಮನ್ನು ಅಟ್ಟಿಸಿಕೊಂಡು ಬರಲಾರದು, ಬಂದರೆ ಮರಳಿಗೆ ಕೂರುತ್ತದೆ. ಕಾಲುವೆ ದಾಟಲೇಬೇಕಾದರೆ ಲಂಬವಾಗಿ, ಹಡಗಿನ ಹಿಂದಿನಿಂದ. ಎಂಜಿನ್ ಮೊದಲೇ ಚಾಲೂ ಮಾಡಿಟ್ಟುಕೊಳ್ಳಬೇಕು. ಎಂಜಿನ್ ದೋಣಿಯನ್ನು ತಳ್ಳತೊಡಗಿದ ಕ್ಷಣದಿಂದ ಹಾಯಿ ಬಿಚ್ಚಿದ್ದರೂ ಕಾನೂನಿನ ಕಣ್ಣಿಗೆ ಅದು ಎಂಜಿನ್ ದೋಣಿ, ಹಗಲಲ್ಲಿ ತುದಿ ಕೆಳಗಾದ ಕಪ್ಪು ಶಂಕುವನ್ನು ತೂಗುಹಾಕಬೇಕು. ಈ ಶಂಕುವಿನ ಗೋಜಿಗೆ ಹೋಗದವರು ಬಹಳ ಮಂದಿ.

ಕೊನೆಗೆ ಇಚೆನ್ ನದಿಯ ಬಾಯಲ್ಲಿ, ತೇಲುಕಟ್ಟೆಗಳ ನಡುವೆ ದೋಣಿ ಕಟ್ಟುವ ಕೆಲಸ. ಹಾಯಿ ಇಳಿಸಿಯಾಯಿತು. ಇಲ್ಲಿ ಸೆಳವು ಹಗೆಯೂ ಹೌದು, ನಂಟನೂ ಹೌದು. ಸೆಳವಿಗೆ ಬೆನ್ನು ಕೊಟ್ಟು ಬಂದರೆ ನೀರಿನ ಲೆಕ್ಕದಲ್ಲಿ ದೋಣಿ ನಿಂತಿದ್ದರೂ ಕಟ್ಟೆಯ ಲೆಕ್ಕದಲ್ಲಿ ಎರಡು ನಾಟ್ ಓಡುತ್ತಿರುತ್ತದೆ, ಚುಕ್ಕಾಣಿಯ ಮೇಲೆ ಹರಿವಿಲ್ಲ, ದೋಣಿ ಕೈಗೆ ಸಿಗುವುದಿಲ್ಲ. ಅದೇ ಸೆಳವಿಗೆ ಎದುರಾಗಿ, ಅದರಷ್ಟೇ ವೇಗದಲ್ಲಿ ಎಂಜಿನ್ ಓಡಿಸಿದರೆ ದೋಣಿ ಕಟ್ಟೆಯ ಪಕ್ಕದಲ್ಲಿ ನಿಂತಲ್ಲೇ ನಿಲ್ಲುತ್ತದೆ, ಚುಕ್ಕಾಣಿಗೆ ಮಾತ್ರ ಎರಡು ನಾಟ್ ನೀರು ಸಿಗುತ್ತಿರುತ್ತದೆ. ಮೂತಿಯನ್ನು ಕೂದಲೆಳೆಯಷ್ಟು ಕಟ್ಟೆಯ ಕಡೆ ಓರೆ ಮಾಡಿದರೆ ಸೆಳವೇ ದೋಣಿಯನ್ನು ಪಕ್ಕಕ್ಕೆ ಸರಿಸಿಕೊಡುತ್ತದೆ. ನೋಡುವವರಿಗೆ ಜಾದೂ, ಲೆಕ್ಕದಲ್ಲಿ ಎರಡು ವೇಗಗಳ ಸದಿಶ ಮೊತ್ತ.

ಇಷ್ಟು ಕಸರತ್ತು ಬೇಡ ಎನ್ನುವವರು ನೀರು ನಿಂತ ಹೊತ್ತನ್ನು ಕಾಯುತ್ತಾರೆ. ಎರಡು ಉಬ್ಬರಗಳ ನಡುವಿನ ಆ ಎರಡು ಗಂಟೆ ಸೆಳವು ಹೆಚ್ಚುಕಡಿಮೆ ಸತ್ತಿರುತ್ತದೆ, ಕಲಿಯುವವರೂ ದೋಣಿ ಕಟ್ಟಬಹುದು. ತೊಡಕೊಂದೇ. ಹೆಚ್ಚು ಆಳ ಬೇಕಾದ ಕಂಟೇನರ್ ಹಡಗುಗಳೂ ಬಂದರಿಗೆ ಬರಲು ನೋಡುವುದು ಅದೇ ಎರಡು ಗಂಟೆಯನ್ನು.